ಸಾಲಿಗೆಲ್ಲ ಬಸ್ಕಿ

ನಾನು ಒಂದು ಡಂಬೆಲ್ಸ್. ಜಿಮ್ಮಿನ ಕಬ್ಬಿಣದ್ದಲ್ಲ; ಶಾಲೆಯ ಕವಾಯತಿನಲ್ಲಿ ಮಕ್ಕಳು ಎರಡೂ ಕೈಯಲ್ಲಿ ಹಿಡಿದು ತಾಳಕ್ಕೆ ಬಡಿಯುತ್ತಾರಲ್ಲ, ಆ ಕಟ್ಟಿಗೆಯದ್ದು. ಬಡಿಗೇರ ಮಾನಪ್ಪ ಜಾಲಿಯ ಕೊರಡಿನಿಂದ ನನ್ನನ್ನು ಕಡೆದ. ಕೆಂಪು ಬಣ್ಣ ಬಳಿದು, ಗೋಣಿಚೀಲದಲ್ಲಿ ತುಂಬಿ ವಸತಿ ಶಾಲೆಗೆ ಕಳಿಸಿದ.

ಅಲ್ಲಿ ತುರಿಕೆ ಹತ್ತಿದ ಕೈ, ಚಳಿಗೆ ಒಡೆದ ಕೈ, ಸಾರಿನ ವಾಸನೆಯ ಕೈ, ಎಲ್ಲವನ್ನೂ ಕಂಡೆ. ಕೊನೆಗೆ ಎಂಟನೆಯ ತರಗತಿಯ ಬಸಲಿಂಗನ ಕೈಗೆ ಬಂದೆ. ಅವನ ಪಕ್ಕದಲ್ಲಿ ಮೌನೇಶ ನಿಲ್ಲುತ್ತಿದ್ದ. ಇಬ್ಬರೂ ಒಂದೇ ಕೋಣೆಯವರು, ಒಂದೇ ಸೋಪು ಹಂಚಿಕೊಂಡವರು.

ಪಿ.ಟಿ. ಮಾಸ್ತರ ಕಲ್ಮಠರದು ಒಂದು ಪದ್ಧತಿ. ಒಬ್ಬ ತಾಳ ತಪ್ಪಿದರೆ ಸಾಲಿಗೆಲ್ಲ ಬಸ್ಕಿ. ತಪ್ಪಿದವನಿಗೆ ಮಾತ್ರ ಇಲ್ಲ. ಅವನು ಮುಂದೆ ನಿಂತು ಉಳಿದವರ ಬಸ್ಕಿ ಎಣಿಸಬೇಕು. ಹೀಗೆ ಮಾಡಿದರೆ ಒಗ್ಗಟ್ಟು ಬರುತ್ತದೆ ಎಂದು ಅವರು ನಂಬಿದ್ದರು.

ಆ ವಾರವೆಲ್ಲ ತಾಳ ತಪ್ಪಿದವನು ಮೌನೇಶ. ಎಣಿಸಿದವನೂ ಅವನೇ. ಕವಾಯತು ಮುಗಿದು ನಮ್ಮನ್ನು ಚೀಲಕ್ಕೆ ಹಾಕುವಾಗ ಬಸಲಿಂಗನ ತೊಡೆ ಇನ್ನೂ ನಡುಗುತ್ತಿತ್ತು.

"ಬೇಕಂತ ಮೆಲ್ಲಕ ಎಣಸ್ತಿಯಲ್ಲಲೇ. ಮಜಾ ಬರಾಕತ್ತೇತೇನು?"

"ನಿನ್ನ ಮಾರಿ ನೋಡಿದ್ರ ನಗು ಬರತೈತೋ ಮಾರಾಯಾ," ಎಂದು ಮೌನೇಶ ನಕ್ಕ.

ಬಸಲಿಂಗ ನನ್ನನ್ನು ಬೀಸಿದ. ಮೌನೇಶನ ಎಡಗಿವಿಯ ಮೇಲೆ ಬಿದ್ದೆ. ತಾಳಕ್ಕೆ ಬಡಿದಾಗಿನ ಸದ್ದು ಅದಾಗಿರಲಿಲ್ಲ. ಮೌನೇಶ ಕುಸಿದು ವಾಂತಿ ಮಾಡಿಕೊಂಡ.

ಶಾಲೆ ಮಾಡಿದ ಮೊದಲ ಕೆಲಸ ಸಾಲನ್ನೆಲ್ಲ ಬಿಸಿಲಿಗೆ ನಿಲ್ಲಿಸಿದ್ದು. ಎರಡನೆಯದು, ಮೌನೇಶ ಮೆಟ್ಟಿಲಿನಿಂದ ಬಿದ್ದನೆಂದು ಆಸ್ಪತ್ರೆಯಲ್ಲಿ ಹೇಳಿದ್ದು. ಜವಾನ ನನ್ನನ್ನು ತೊಳೆದು ಪ್ರಿನ್ಸಿಪಾಲ ಅಂಗಡಿ ಸಾಹೇಬರ ಮೇಜಿನ ಮೇಲಿಟ್ಟ.

ಮೌನೇಶನ ತಾಯಿ ಯಂಕಮ್ಮ ಹತ್ತಿ ಬಿಡಿಸುವ ಕೆಲಸ ಬಿಟ್ಟು, ಆಸ್ಪತ್ರೆಯಲ್ಲಿ ಮಗನನ್ನು ಕಂಡು ಶಾಲೆಗೆ ಬಂದಳು. ಜಾಗ ಸಾಲದೆ, ನನ್ನನ್ನೇ ಪಕ್ಕಕ್ಕೆ ಸರಿಸಿ ಬುತ್ತಿಗಂಟು ಇಟ್ಟಳು.

"ಯಾವನೋ ಹುಡುಗ ಹೊಡದಾನಂತ ನಮ್ಮ ಮೌನ್ಯಾ ಅಂತಾನ್ರಿ. ಖರೇನಾ ಸಾಹೇಬ್ರ?"

"ತಲಿಗೆ ಪೆಟ್ಟಾಗೇತವ್ವಾ. ಏನೋ ಬಡಬಡಸ್ತಾನ."

ಬಾಗಿಲಲ್ಲಿ ಬಸಲಿಂಗ ನಿಂತಿದ್ದ. "ಯವ್ವಾ, ನಾ..." ಎಂದ.

"ಕ್ಲಾಸಿಗೆ ನಡೀಲೇ," ಎಂದರು ಅಂಗಡಿ.

ಮಗನ ಮಾತನ್ನು ನಂಬಬೇಕೋ ಸಾಹೇಬರ ಮಾತನ್ನೋ ತಿಳಿಯದೆ ಯಂಕಮ್ಮ ಬುತ್ತಿ ಎತ್ತಿಕೊಂಡು ಮತ್ತೆ ಆಸ್ಪತ್ರೆಗೆ ಹೋದಳು.

ಮೌನೇಶ ತಿರುಗಿ ಬಂದಾಗ ಅವನ ಎಡಗಿವಿ ಸತ್ತಿತ್ತು. ಕಿವುಡನಾದದ್ದಕ್ಕಿಂತ, ಸುಳ್ಳುಗಾರನೆನಿಸಿಕೊಂಡದ್ದು ಅವನನ್ನು ತಿನ್ನುತ್ತಿತ್ತು. "ನಮ್ಮವ್ವನ ಮುಂದ ಖರೇ ಹೇಳ್ರಿ ಸರ್, ಮತ್ತೇನೂ ಬ್ಯಾಡ," ಎಂದು ಅಂಗಡಿಯವರ ಮುಂದೆ ಅತ್ತ. ಅವರು ಅವನನ್ನು ಪ್ರಾರ್ಥನೆಗೆ ಕರೆದೊಯ್ದರು. ಅವರ ಒಂದು ಕೈಯಲ್ಲಿ ನಾನಿದ್ದೆ.

"ಇನ್ಮ್ಯಾಲ ಈ ಡಂಬೆಲ್ಸ್ ಯಾರೂ ಮುಟ್ಟಂಗಿಲ್ಲ," ಎಂದು ನನ್ನನ್ನು ಎತ್ತಿ ತೋರಿಸಿದರು. "ನೀವಿಬ್ರೂ ಅಣ್ಣತಮ್ಮ ಇದ್ದಂಗ. ಕೈ ಕೊಡ್ರಿ."

ಬಸಲಿಂಗನನ್ನು ಮೌನೇಶನ ಎಡಕ್ಕೆ ನಿಲ್ಲಿಸಿದ್ದರು. ಬಸಲಿಂಗ ತಲೆ ತಗ್ಗಿಸಿ, ಅದೇ ಕಿವಿಯ ಹತ್ತಿರ ಪಿಸುಗುಟ್ಟಿದ: "ತಪ್ಪಾತೋ. ನಿಮ್ಮವ್ವಗ ನಾನ ಹೇಳ್ತೀನಿ."

ಚಪ್ಪಾಳೆ ಬಿತ್ತು. ಮೌನೇಶ ಮುಂದೆ ನೋಡುತ್ತ ನಿಂತಿದ್ದ. ಅವನಿಗೆ ಕೇಳಿಸಿಯೇ ಇರಲಿಲ್ಲ. ಆ ವಾರವೇ ಅವನ ತಾಯಿ ಟಿ.ಸಿ. ತೆಗೆಸಿಕೊಂಡು ಅವನನ್ನು ಊರಿಗೆ ಕರೆದೊಯ್ದಳು. ಯಾಕೆ ಹೊಡೆದೆ ಎಂದು ಬಸಲಿಂಗನನ್ನು ಯಾರೂ ಕೂತು ಕೇಳಲಿಲ್ಲ. ಕೇಳಿದ್ದರೆ ಬಸ್ಕಿಯ ಮಾತು ಬರುತ್ತಿತ್ತು.

ಶಿಕ್ಷೆಯಾದದ್ದು ನಮಗೆ. ಆಟದ ಸಾಮಾನಿನ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಈಗ ನನ್ನ ಒಂದು ತುದಿಯನ್ನು ಗೆದ್ದಲು ತಿಂದಿದೆ, ಬಣ್ಣ ಉದುರಿದೆ. ಹೊರಗೆ ಹೊಸ ಮಕ್ಕಳು ಪ್ಲಾಸ್ಟಿಕ್ ಡಂಬೆಲ್ಸ್ ಬಡಿಯುತ್ತಾರೆ. ಅಪಾಯ ಕಟ್ಟಿಗೆಯಲ್ಲಿತ್ತು ಎಂದು ಶಾಲೆ ತೀರ್ಮಾನಿಸಿದೆ.

ಇವತ್ತು ಮುಂಜಾನೆ ತಾಳ ನಡುವೆ ನಿಂತಿತು. ಕಲ್ಮಠರ ಸೀಟಿ ಕೇಳಿಸಿತು. ಆಮೇಲೆ ಯಾವನೋ ಹುಡುಗ ಒಬ್ಬನೇ ಎಣಿಸತೊಡಗಿದ: ಒಂದು, ಎರಡು, ಮೂರು...