ದೋಣಿಯಜ್ಜಿಯ ಧ್ವನಿ

ಅತ್ತಿಗೆ, ನಾದಿನಿ ವರ್ಷಗಟ್ಟಲೆ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡಿದ್ದಾರೆ, ಆದರೂ ಇನ್ನೂ ಮಾತು ಬಿಟ್ಟಿಲ್ಲ ಎಂದರೆ ಕೇಳಿದವರು ನಂಬುತ್ತಿರಲಿಲ್ಲ. ಟೈರ್ ಅಂಗಡಿಯ ಮೇಲಿನ ಕೋಣೆ ಅದು. ಅತ್ತಿಗೆ ಕೋಡ್ ಬರೆಯುತ್ತಿದ್ದಳು, ನಾದಿನಿ ಚಿತ್ರ ಬಿಡಿಸುತ್ತಿದ್ದಳು. ಇಬ್ಬರೂ ಸೇರಿ ಮಾಡುತ್ತಿದ್ದದ್ದು ಒಂದು ವಿಡಿಯೊ ಗೇಮ್. ಅದರಲ್ಲಿ ಒಬ್ಬ ದೋಣಿಯಜ್ಜಿ. ಹೊಳೆ ದಾಟಲು ಬಂದವರಲ್ಲಿ ಯಾರನ್ನು ಎಲ್ಲಿ ಕೂರಿಸಬೇಕೆಂದು ಆಡುವವರು ತೀರ್ಮಾನಿಸಬೇಕು. ಮಾತು ಬಿಟ್ಟ ಬೀಗರನ್ನು ಅಕ್ಕಪಕ್ಕ ಕೂರಿಸಿದರೋ, ನಡುನೀರಲ್ಲಿ ಜಗಳ ಶುರುವಾಗಿ ದೋಣಿ ಮಗುಚಿತೆಂದೇ ಲೆಕ್ಕ.

ಈಗ ಅವರಿಬ್ಬರ ದೋಣಿಯೂ ನಡುನೀರಲ್ಲೇ ಇತ್ತು. ರಾಜ್ಯದಲ್ಲೇ ಗೇಮ್ ಮಾಡುವವರಿಗೆ ಸರ್ಕಾರ ಬಂಡವಾಳ ಹಾಕುತ್ತದೆಂದು ಸುದ್ದಿ ಬಂದಿತ್ತು. ಸಮಿತಿಯವರು ಬಂದು, ಆಡಿ ನೋಡಿ, ಒಪ್ಪಿದರೆ ಆಟ ಮಾಡಿ ಮುಗಿಸಲು ದುಡ್ಡು ಸಿಗುತ್ತದೆ. ಇಲ್ಲವೆಂದರೆ ತಿಂಗಳ ಕೊನೆಗೆ ಕೋಣೆಗೆ ಬೀಗ.

ಇದಕ್ಕೆಲ್ಲ ಮೂಗು ಮುರಿದವರು ಅತ್ತೆ ಒಬ್ಬರೇ. ಮಧ್ಯಾಹ್ನ ಊಟದ ಡಬ್ಬಿ ತಂದುಕೊಟ್ಟು, ಪರದೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ಇನ್ನೂ ಮುಗಿದಿಲ್ವಾ?" ಎಂದು ಹೊರಡುವುದು ಅವರ ಪದ್ಧತಿ. ಒಳ್ಳೆಯ ಮಾತೊಂದು ಆ ಬಾಯಿಂದ ಬಂದದ್ದನ್ನು ಅತ್ತಿಗೆ ಮದುವೆಯಾದಾಗಿನಿಂದ ಕೇಳಿರಲಿಲ್ಲ. ಬೈಯುವುದರಲ್ಲಿ ಮಾತ್ರ ಎತ್ತಿದ ಕೈ. ಅದಕ್ಕೇ ಅತ್ತಿಗೆ ಒಂದು ದಿನ ಮೈಕ್ ಮುಂದಿಟ್ಟು, "ಏನಾದ್ರೂ ಮಾತಾಡಿ ಅತ್ತೆ, ಸದ್ಯಕ್ಕೆ ಅಜ್ಜಿಗೆ ನಿಮ್ಮ ಧ್ವನಿ ಹಾಕಿರ್ತೀನಿ" ಎಂದಿದ್ದಳು. ಕಲಾವಿದರ ಧ್ವನಿ ಬರುವವರೆಗೆ ಯಾರದಾದರೂ ಧ್ವನಿ ಹಾಕಿಡುವುದು ಈ ಕೆಲಸದಲ್ಲಿ ಇದ್ದದ್ದೇ. ಅತ್ತೆಗೆ ಅಷ್ಟೇ ಸಾಕಾಯಿತು. ಊರವರು, ನೆಂಟರು, ಸರ್ಕಾರ, ಯಾರನ್ನೂ ಬಿಡಲಿಲ್ಲ.

ಸಮಿತಿ ಬರುವ ಹೊತ್ತಿಗೆ ನಾಟಕದ ಕಲಾವಿದೆಯೊಬ್ಬರಿಂದ ಹೊಸ ಧ್ವನಿ ಮಾಡಿಸಿದ್ದರು, ಅದೂ ಮೊದಲ ಹೊಳೆಗೆ, ಅಂದರೆ ಆಟದ ಮೊದಲ ಹಂತಕ್ಕೆ ಮಾತ್ರ.

"ಎರಡನೇ ಹೊಳೇಲಿ ಇನ್ನೂ ಅಮ್ಮನ ಬೈಗುಳಾನೇ ಇದೆ ಅತ್ತಿಗೆ," ಎಂದು ನಾದಿನಿ ನೆನಪಿಸಿದಳು.

"ಸರ್ಕಾರದವರು ಮೊದಲನೇದು ದಾಟಿದ್ರೆ ತಾನೇ?" ಎಂದು ಅತ್ತಿಗೆ ನಕ್ಕಳು. ಗೇಮ್ ಆಡಿ ಪಳಗಿದ ಹುಡುಗರೇ ಮೊದಲ ಹೊಳೆಯಲ್ಲಿ ಮತ್ತೆ ಮತ್ತೆ ಮುಳುಗಿದ್ದರು. ಸ್ವಲ್ಪ ಜಂಬವೇ ಅನ್ನಿ.

ಬಂದವರು ಇಬ್ಬರು. ಒಬ್ಬರು ಇಲಾಖೆಯ ನಿರ್ದೇಶಕಿ, ನಿವೃತ್ತಿಗೆ ಹತ್ತಿರವಾದವರು. ಇನ್ನೊಬ್ಬರು ಹಣಕಾಸು ನೋಡಿಕೊಳ್ಳುವ, ಕನ್ನಡಕ ಹಾಕಿದವರು. ಅತ್ತಿಗೆ ಮೊದಲೇ ಹೇಳಿದಳು: "ನೀವು ಆಡೋವಾಗ ನಾವು ತುಟಿ ಪಿಟಕ್ ಅನ್ನಲ್ಲ, ಆಟಕ್ಕೆ ಕೈಯೂ ಹಾಕಲ್ಲ ಮೇಡಂ. ಆಡೋರ ಹತ್ರ ಮಾತಾಡಿದ್ರೆ ಆಟದ ನಿಜ ಗೊತ್ತಾಗಲ್ಲ. ಇದು ನಮ್ಮ ಕೋಣೆ ನಿಯಮ."

ನಿರ್ದೇಶಕಿ ಕುರ್ಚಿ ಎಳೆದುಕೊಂಡು ಕೂತರು. ಬೀಗರನ್ನು ಎರಡು ತುದಿಗೆ ಕಳಿಸಿದರು. ನಡುವೆ ಕಿವುಡ ತಾತನನ್ನು ಕೂರಿಸಿದರು. ದೋಣಿ ಅಲುಗಾಡದೆ ಆಚೆ ದಡ ಮುಟ್ಟಿತು.

"ಇಷ್ಟೇನಾ? ಸಮಾರಂಭದ ವೇದಿಕೆ ಮೇಲೆ ಯಾರ ಪಕ್ಕ ಯಾರನ್ನ ಕೂರಿಸಬಾರದು ಅಂತ ನೋಡೋದ್ರಲ್ಲೇ ನನ್ನ ಅರ್ಧ ಆಯುಷ್ಯ ಹೋಗಿದೆ," ಎಂದರು ಅವರು, ಎರಡನೇ ಹೊಳೆಗೆ ದೋಣಿ ಇಳಿಸುತ್ತ.

ಅಷ್ಟರಲ್ಲಿ ಸ್ಪೀಕರಿನಿಂದ ಕೋಣೆಯ ತುಂಬ ಅತ್ತೆ ಗುಡುಗಿದರು: "ಸರ್ಕಾರದವರು ದುಡ್ಡು ಕೊಡ್ತಾರಂತೆ, ದುಡ್ಡು! ಬರ್ತಾರೆ, ಕಾಫಿ ಕುಡೀತಾರೆ, ತಲೆ ಆಡಿಸ್ತಾರೆ, ಹೋಗ್ತಾರೆ. ಅವರು ಕೂತ ಕಡೆ ಕುರ್ಚಿ ಸವೆಯುತ್ತೆ, ಕೆಲಸ ಸವೆಯಲ್ಲ!"

ಕನ್ನಡಕದವರು ಕೈಯಲ್ಲಿದ್ದ ಕಾಫಿ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. ಅತ್ತಿಗೆಯ ಕೈ ಪ್ಲಗ್ ಕಡೆಗೆ ಹೋಯಿತು. ನಾದಿನಿ ಗಪ್ಪನೆ ಆ ಕೈ ಹಿಡಿದಳು. ನಿಯಮ ಮಾಡಿದವಳೇ ನಿಯಮ ಮುರಿಯುವುದೇ? ಅತ್ತಿಗೆ ಬಾಯಿಗೆ ಬೀಗ ಹಾಕಿಕೊಂಡು ನಿಂತಳು.

ನಿರ್ದೇಶಕಿ ಆಟ ನಿಲ್ಲಿಸಲಿಲ್ಲ. ಅಜ್ಜಿ ಬೈದಷ್ಟೂ ಅವರ ಭುಜ ಕುಲುಕುತ್ತಿತ್ತು. ದಡ ಮುಟ್ಟಿದ ಮೇಲೆ ಕಣ್ಣೊರೆಸಿಕೊಂಡು ತಿರುಗಿದರು.

"ಯಾರದಿದು?"

"ನಮ್ಮತ್ತೆ ಧ್ವನಿ ಮೇಡಂ. ಮಾತೂ ಅವರದೇ. ತೆಗೀಬೇಕಿತ್ತು, ನೀವು ಇಲ್ಲೀವರೆಗೆ ಬರಲ್ಲ ಅಂದ್ಕೊಂಡೆ. ತಪ್ಪು ನನ್ನದು."

"ಮೊದಲನೇ ಹೊಳೆ ಅಜ್ಜಿ ಹವಾಮಾನ ವರದಿ ಓದಿದ ಹಾಗಿದ್ರು. ನಮ್ಮ ಜನ ಮಾತಾಡೋ ಹಾಗೆ ಮಾತಾಡೋ ಆಟ ಬೇಕು ಅಂತಲೇ ಸರ್ಕಾರ ಈ ಬಂಡವಾಳ ಇಟ್ಟಿರೋದು. ಮೊದಲನೇ ಹೊಳೆಗೂ ಇವರ ಧ್ವನೀನೇ ಮಾಡಿಸಿ ಕಳಿಸಿ. ಆಮೇಲೆ ಸಹಿ."

ಮನೆಗೆ ಹೋಗಿ ಹೇಳಿದರೆ ಅತ್ತೆ ಮೊದಲು ನಂಬಲಿಲ್ಲ, ಆಮೇಲೆ ನಾಚಿದರು, ಮರುದಿನ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು ಕೋಣೆಗೆ ಬಂದರು. ರೆಕಾರ್ಡಿಂಗಿನ ಕೆಂಪು ದೀಪ ಹೊತ್ತಿತು. ಅತ್ತೆ ಗಂಟಲು ಸರಿಮಾಡಿಕೊಂಡು, "ಮಾನ್ಯ ಪ್ರಯಾಣಿಕರೇ, ದಯವಿಟ್ಟು ಆಸೀನರಾಗಿ" ಎಂದರು.

ನಾದಿನಿ ಹಣೆ ಚಚ್ಚಿಕೊಂಡಳು. ಎಷ್ಟು ಹೇಳಿದರೂ ಅತ್ತೆಯ ಬಾಯಿಂದ ಬೈಗುಳವೇ ಹೊರಡದು. ಸರ್ಕಾರ ಕೇಳುತ್ತದೆಂದು ಗೊತ್ತಾದ ಮೇಲೆ ನಾಲಿಗೆ ಮರ್ಯಾದೆ ಕಲಿತುಬಿಟ್ಟಿತ್ತು. ಕೈಗೆ ಬಂದದ್ದು ಇವರ ಮರ್ಯಾದೆಯಿಂದಲೇ ಹೋಗುತ್ತದಲ್ಲ ಎಂದು ಅತ್ತಿಗೆಗೆ ಅಳುವೇ ಬಂತು. ಆಮೇಲೆ ಒಂದು ಉಪಾಯ ಹೊಳೆಯಿತು. ಫೋನ್ ಕಿವಿಯಿಂದ ಇಳಿಸಿದಂತೆ ಮಾಡಿ, ಮುಖ ಸಪ್ಪಗೆ ಮಾಡಿಕೊಂಡಳು. ದೀಪ ಆರಿಸಲಿಲ್ಲ.

"ಬಿಡಿ ಅತ್ತೆ. ಅವರು ಆಗಲ್ಲ ಅಂದ್ಬಿಟ್ರು."

"ಆಗಲ್ಲ ಅನ್ನೋಕೆ ಅವರ್ಯಾರು?" ಅತ್ತೆ ಎದ್ದೇಬಿಟ್ಟರು. "ಮನೆ ಬಾಗಿಲಿಗೆ ಬಂದು ನಕ್ಕು ಹೋಗಿ, ಈಗ ಬೆನ್ನು ತೋರಿಸ್ತಾರಾ? ನಾಚಿಕೆ ಅನ್ನೋದನ್ನ ಕಚೇರೀಲಿ ಅಡ ಇಟ್ಟಿದಾರಾ?" ಬೈಗುಳ ಹೊಳೆಯಾಗಿ ಹರಿಯಿತು. ಅತ್ತಿಗೆ ಹೆಡ್‌ಫೋನ್ ಒತ್ತಿ ಹಿಡಿದು ಒಳಗೊಳಗೇ ಕುಣಿದಳು. "ನನ್ನ ಮಕ್ಕಳ ಕೆಲಸ ಇವರಿಗೇನು ಗೊತ್ತು? ಚಿಕ್ಕವಳು ಬಿಡಿಸಿದ ನೀರು ನೋಡಿದ್ರೆ ನನ್ನ ಕಾಲೇ ಒದ್ದೆ ಆದ ಹಾಗಾಗುತ್ತೆ. ದೊಡ್ಡವಳು ಇಲ್ದೆ ಇದ್ರೆ ಆ ದೋಣಿ ಎಂದೋ ಮುಳುಗಿರೋದು. ಹೊಟ್ಟೆಗೂ ಸರಿಯಾಗಿ ತಿನ್ನದೆ ಕೂತಿದಾಳೆ. ದಿನಾ ನೋಡ್ತಿದೀನಲ್ಲ ನಾನು!"

ಅತ್ತೆ ಹೆತ್ತ ಮಗಳು ಒಬ್ಬಳೇ, ನಾದಿನಿ. ದೊಡ್ಡವಳು ಯಾರೆಂದು ಅತ್ತಿಗೆಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ಪರದೆ ಮಂಜಾಗಿ ಕಂಡಿತು.

"ಆ ದೀಪ ಯಾಕೆ ಇನ್ನೂ ಉರೀತಿದೆ?" ಎಂದು ಅತ್ತೆ ಕೇಳಿದರು. "ಫೋನೇ ಬಂದಿಲ್ವಾ? ಕಳ್ಳಿ! ಆ ಕೊನೇದನ್ನ ಅಳಿಸಿಬಿಡು."

ಅತ್ತಿಗೆ ಬೈಗುಳವನ್ನೆಲ್ಲ ಆಟಕ್ಕೆ ಸೇರಿಸಿ ಸರ್ಕಾರಕ್ಕೆ ಕಳಿಸಿದಳು. ಸಹಿ ಬಂತು. ಕೊನೆಯ ಮಾತುಗಳನ್ನು ಮಾತ್ರ ಆಟಕ್ಕೆ ಹಾಕಲಿಲ್ಲ, ಅಳಿಸಲೂ ಇಲ್ಲ. ಅವನ್ನು ತಾನೊಬ್ಬಳೇ ಕೇಳಲು ಇಟ್ಟುಕೊಂಡಳು.