ಕೆಂಚನ ಪಕ್ಕೆಯ ಬರೆ

ನಾಯಿ ಕೆಂಚನ ಬಲಪಕ್ಕೆಯ ಕೂದಲು ಬೋಳಿಸುತ್ತಿದ್ದ ಪಶುವೈದ್ಯೆ ಸಹನಾ ಮೆಷಿನ್ ನಿಲ್ಲಿಸಿದಳು. ಪಕ್ಕೆಲುಬುಗಳ ಮೇಲೆ ಮೂರು ಬರೆ. ಅರಿಶಿನ ಮೆತ್ತಿಕೊಂಡು ಕೀವು ಕಟ್ಟಿದ್ದವು.

“ಇದೇನ್ ಸರ್?”

ಸರ್ ಅಂದರೆ ಹರೀಶ, ವಿದ್ಯಾನಗರದ ಕಾಲೇಜೊಂದರಲ್ಲಿ ಜೀವಶಾಸ್ತ್ರದ ಉಪನ್ಯಾಸಕ. ಮೂಢನಂಬಿಕೆ ಎಂದರೆ ಉರಿದುಬೀಳುವ ಮಹಾಶಯ. ಸಹನಾಗೂ ಒಂದು ಕಾಲಕ್ಕೆ ಪಾಠ ಹೇಳಿದವನು. ಎದೆಗೂಡಿನ ಚಿತ್ರವನ್ನು ಬೋರ್ಡಿನ ಮೇಲೆ ಬಿಡಿಸಿ ತೋರಿಸಿದ್ದೂ ಇವನೇ.

ಕೆಂಚನ ಎದೆಯಲ್ಲಿ ಕೀವುನೀರು ತುಂಬಿ, ಉಸಿರೆಳೆಯಲು ಜಾಗವೇ ಇರಲಿಲ್ಲ. ಸೂಜಿ ಹಾಕಿ ತೆಗೆದಷ್ಟೂ ಮತ್ತೆ ತುಂಬುತ್ತಿತ್ತು. ಎದೆ ತೆರೆದು, ತೊಳೆದು, ಕೊಳವೆ ಇಡಬೇಕು ಎಂದು ಸಹನಾ ಹೇಳಿದ್ದಳು. ಎದೆ ತೆರೆಯುವ ಮಾತಿಗೇ ಹರೀಶನ ಜೀವ ಬಾಯಿಗೆ ಬಂತು. ಭಾನುವಾರ ನಾಯಿಯನ್ನು ಕಾರಿಗೆ ಹಾಕಿಕೊಂಡು ಅಕ್ಕನ ಊರು ನಂದಿಗುಡಿಗೆ ಓಡಿದ. ಅಲ್ಲಿ ಹುಲಿಯಪ್ಪ ಎಂಬಾತ ಮೇಲುಸಿರು ಬಂದ ದನಗಳಿಗೆ ಕುಡುಗೋಲು ಕಾಯಿಸಿ ಬರೆ ಎಳೆಯುತ್ತಾನೆ. ಅಕ್ಕ ಕಮಲಕ್ಕ ಅಡ್ಡ ನಿಂತಳು.

“ಬ್ಯಾಡೋ ಹರೀಶ, ಮೂಕಪ್ರಾಣಿ ಅದು. ಡಾಕ್ಟ್ರು ಹೇಳ್ದಂಗೆ ಮಾಡ್ಸು.”

ಹರೀಶ ಕೇಳಲಿಲ್ಲ. ನಾಯಿಯ ಕಾಲುಗಳನ್ನು ಅದುಮಿ ಹಿಡಿದವನೂ ಅವನೇ.

ಬರೆಯಿಂದ ಗುಣವಾಗದೆ ವಾಪಸು ಕರೆತಂದಿದ್ದ. ಈಗ ಶಿಷ್ಯೆಯ ಎದುರು ನಾಲಿಗೆ ಬೇರೆ ಕಡೆಗೇ ಹೊರಳಿತು. “ನಮ್ಮಕ್ಕನ ಮನೇಲಿ ಬಿಟ್ಟಿದ್ದೆ. ಅವಳೇ ಹಾಕ್ಸಿಬಿಟ್ಟಿದ್ದಾಳೆ. ಹಳ್ಳಿ ಜನ, ಗೊತ್ತಲ್ಲಮ್ಮ.”

ಹೇಳಿದ ಮೇಲೆ ನಾಚಿಕೆಯಾಯಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವಷ್ಟು ನಾಚಿಕೆಯಲ್ಲ, ಅಷ್ಟೇ.

“ಈ ಕೀವಿನ ಮೇಲೆ ಕುಯ್ದರೆ ನಂಜು ಒಳಗೇ ಇಳಿಯುತ್ತೆ. ಎಡಗಡೆಯಿಂದ ತೆರೀತೀನಿ. ಉಳಿಯುತ್ತೆ ಅಂತ ಮಾತು ಕೊಡಲ್ಲ ಸರ್,” ಎಂದು ಸಹನಾ ಬಾಗಿಲು ಹಾಕಿಕೊಂಡಳು.

ಆಪರೇಷನ್ ನಡೆಯುತ್ತಿರುವಾಗಲೇ ಕಮಲಕ್ಕ ನಂದಿಗುಡಿಯಿಂದ ಬಸ್ಸಿನಲ್ಲಿ ಬಂದಳು. ಕೆಂಚ ಹುಟ್ಟಿದ್ದು ಅವಳ ಹಿತ್ತಲಲ್ಲಿ. ತಮ್ಮನ ಪಕ್ಕ ಕೂತು, “ಏನೂ ಆಗಲ್ಲ ಬಿಡು,” ಎಂದಳು. ಹರೀಶನಿಗೆ ಅವಳ ಮುಖ ನೋಡಲಾಗಲಿಲ್ಲ.

ಕೊನೆಗೆ ಬಾಗಿಲು ತೆರೆಯಿತು. ಕೆಂಚ ಉಳಿದಿದ್ದ. ಎದೆಯಿಂದ ಕೊಳವೆ ಇಳಿಬಿಟ್ಟುಕೊಂಡು ಮಂಪರಿನಲ್ಲಿ ಮಲಗಿದ್ದ. ಕಮಲಕ್ಕ ಅವನ ತಲೆ ಸವರಲು ಕೈ ಚಾಚಿದಾಗ ಸಹನಾ ಅಡ್ಡ ಬಂದಳು.

“ಮುಟ್ಟಬೇಡ್ರಿ! ನೀವೇ ತಾನೆ ಅಕ್ಕ? ಕಾದ ಕಬ್ಬಿಣ ಇಡಿಸೋಕೆ ಮನಸ್ಸಾದರೂ ಹೆಂಗೆ ಬಂತ್ರಿ? ಕರುಳಿಲ್ವಾ ನಿಮಗೆ? ಸರ್, ಇನ್ಮೇಲೆ ಇವನನ್ನ ಇವರ ಮನೆಗೆ ಕಳಿಸ್ಬೇಡಿ.”

ಕಮಲಕ್ಕ ತಮ್ಮನ ಕಡೆ ತಿರುಗಿದಳು. ಅವನು ತನ್ನ ಚಪ್ಪಲಿ ನೋಡುತ್ತಿದ್ದ.

“ತಪ್ಪಾತ್ರಿ,” ಎಂದು ಕೈ ಹಿಂದಕ್ಕೆಳೆದುಕೊಂಡು ಅವಳು ಹೊರಗೆ ನಡೆದಳು.

ಹರೀಶ ಬಸ್‌ಸ್ಟಾಪಿನ ತನಕ ಓಡಿದ. “ಅಕ್ಕಾ, ಅವಳು ನನ್ನ ಸ್ಟೂಡೆಂಟು. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಬರೆ ಹಾಕ್ಸಿದ್ದು ನಾನೇ...”

“ನನ್ ಹತ್ರ ಯಾಕ ಹೇಳ್ತೀಯೋ? ನಾನು ಅಲ್ಲೇ ಇದ್ನಲ್ಲ. ಗೊತ್ತಿಲ್ದಾಕಿ ಒಳಗದಾಳ.”

ಬಸ್ಸು ಬಂತು. ಅವಳು ಹತ್ತಿ ಹೋದಳು.

ಹರೀಶ ವಾಪಸು ಬಂದು ಸಹನಾಳ ಮುಂದೆ ನಿಂತು, ನಾಯಿಯ ಕಾಲು ಅದುಮಿ ಹಿಡಿದದ್ದರಿಂದ ಮೊದಲುಗೊಂಡು ಎಲ್ಲವನ್ನೂ ಹೇಳಿದ. ಕಾಯುತ್ತಿದ್ದ ಜನರೂ ಕೇಳಿಸಿಕೊಂಡರು. ಬೈದಿದ್ದರೆ ಹಗುರಾಗುತ್ತಿದ್ದ. ಸಹನಾ ಬೈಯಲಿಲ್ಲ. ಬಾಗಿಲ ತನಕ ಹೋಗಿ ರಸ್ತೆ ನೋಡಿದಳು.

“ಕರುಳಿಲ್ವಾ ಅಂತ ಕೇಳ್ಬಿಟ್ಟೆನಲ್ಲ ಸರ್, ಅವರನ್ನ,” ಎಂದಳು.