ನೂರರ ಕಲ್ಲು

ಸೊರಬಕ್ಕೆ ಬಂದು ಐದು ತಿಂಗಳಾದರೂ ಸೌಂದರ್ಯಳನ್ನು ಆ ಊರಿನಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಅವಳು ‘ನರ್ಸಮ್ಮನ ಮಗಳು’, ಅಷ್ಟೇ. ತಾಯಿ ಲೋಕಮ್ಮನಿಗೆ ದಾವಣಗೆರೆಯಿಂದ ಇಲ್ಲಿನ ಆಸ್ಪತ್ರೆಗೆ ವರ್ಗವಾದಾಗ, ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಮನೆಯಲ್ಲಿದ್ದ ಮಗಳೂ ಎರಡು ಟ್ರಂಕು, ಒಂದು ಡ್ರಾಯಿಂಗ್ ಬೋರ್ಡಿನ ಜೊತೆ ಲಾರಿ ಹತ್ತಿದ್ದಳು. ತಾಯಿ ಇಂಜೆಕ್ಷನ್ ಕೊಡುತ್ತ ಕೊಡುತ್ತಲೇ ಅರ್ಧ ತಾಲ್ಲೂಕಿನ ಸಂಸಾರ ವಿಚಾರಿಸಿಕೊಂಡಳು. ಮಗಳು ಹಾಲಿನವನಿಗೆ ‘ನಾಳೆ ಅರ್ಧ ಲೀಟರ್ ಸಾಕು’ ಎನ್ನಲಾರದೆ ಪಾತ್ರೆಯ ಕೆಳಗೆ ಚೀಟಿ ಇಡುತ್ತಿದ್ದಳು.

ಕೆಲಸ ಹುಡುಕಲಿಲ್ಲ ಎಂದಲ್ಲ. ಸರ್ಟಿಫಿಕೇಟಿನ ಕವರು ಎದೆಗವಚಿಕೊಂಡು ಸಿಮೆಂಟ್ ಅಂಗಡಿಗೆ ಹೋದರೆ ಅಂಗಡಿಯವರು, “ಹೆಣ್ಮಕ್ಳಿಗೆ ಈ ಧೂಳಿನ ಕೆಲ್ಸ ಯಾಕಮ್ಮ? ಟೀಚರ್ ಟ್ರೈನಿಂಗ್ ಮಾಡ್ಬೋದಿತ್ತಲ್ಲ,” ಎಂದು ಕುಡಿಯಲು ನೀರು ಕೊಟ್ಟು ಕಳಿಸಿದರು. ಮನೆ ಕಟ್ಟಿಸುತ್ತಿದ್ದ ಜಾಗದಲ್ಲಿ ಮೇಸ್ತ್ರಿ ರಾಜಪ್ಪ ತಲೆಯ ಟವೆಲ್ಲು ಬಿಚ್ಚಿ ನಕ್ಕ: “ಪ್ಲಾನಾ? ಅದು ನನ್ ತಲೇಲೇ ಅದೆ ಬಿಡಿ.” ಎರಡೂ ಕಡೆ ಅವಳಿಗೆ ಉತ್ತರ ಹೊಳೆದದ್ದು ಮನೆಗೆ ಬಂದು ಚಪ್ಪಲಿ ಬಿಟ್ಟ ಮೇಲೆ.

ಕಡೆಗೆ ಕೆಲಸ ಹುಡುಕಿದವಳು ಲೋಕಮ್ಮನೇ. ಶಿಕಾರಿಪುರದ ಗುತ್ತಿಗೆದಾರ ಚಂದ್ರಶೇಖರ್ ಸೊರಬದ ಹತ್ತಿರ ಸೇತುವೆ ಕೆಲಸ ನೋಡಲು ಬಂದು, ಸೆಂಟ್ರಿಂಗ್ ಹಲಗೆಯ ಮೊಳೆ ತುಳಿದು ಆಸ್ಪತ್ರೆಗೆ ಕುಂಟಿಕೊಂಡು ಬಂದಿದ್ದರು. ಲೋಕಮ್ಮ ಸಿರಿಂಜಿಗೆ ಔಷಧ ಎಳೆದುಕೊಂಡು, ಸೂಜಿಯನ್ನು ಮೇಲಕ್ಕೆತ್ತಿ ಹಿಡಿದು ಕೇಳಿದಳು:

“ನನ್ ಮಗಳು ಬಿ.ಇ. ಸಿವಿಲ್ ರೀ. ನಿಮ್ಮಲ್ಲಿ ಏನಾರ ಕೆಲ್ಸ ಐತಾ?”

ಚಂದ್ರಶೇಖರ್ ಸೂಜಿಯನ್ನೊಮ್ಮೆ, ನರ್ಸಮ್ಮನನ್ನೊಮ್ಮೆ ನೋಡಿದರು. “ಒಂದು ತಿಂಗ್ಳು ಬಂದು ಹೋಗ್ಲಿ. ಆಮೇಲೆ ಹೇಳ್ತೀನಿ. ಈಗ ಮೊದ್ಲು ಚುಚ್ರಿ ತಾಯಿ.”

ಇತ್ತ ದಾವಣಗೆರೆಯಿಂದ ಸೋದರಮಾವ ಪರಮಶಿವಪ್ಪನ ಕಾಗದ ಬಂದಿತ್ತು. ಅವನ ಲಾರಿ ಆಫೀಸಿನಲ್ಲಿ ಕುರ್ಚಿ ಖಾಲಿ ಇದೆ, ಇಡೀ ದಿನ ಫೋನ್ ಎತ್ತಿ ಮಾತಾಡಿದರಾಯಿತು, ಹುಡುಗಿ ಅಲ್ಲಿ ಕಾಡಿನ ಮಗ್ಗುಲಲ್ಲಿ ಕೂತು ಓದಿದ್ದನ್ನು ಮರೆಯುವುದು ಬೇಡ ಎಂದು. ಇಡೀ ದಿನ ಫೋನ್! ಸೌಂದರ್ಯ ಕಾಗದ ಮಡಿಸಿ ಡ್ರಾಯಿಂಗ್ ಬೋರ್ಡಿನ ಕೆಳಗೆ ತಳ್ಳಿದಳು. ಅಕ್ಟೋಬರ್ ಕೊನೆಯ ಭಾನುವಾರ ಅವನೇ ಬಂದು ಕರೆದುಕೊಂಡು ಹೋಗುವುದೆಂದೂ, ಅಷ್ಟರೊಳಗೆ ಚಂದ್ರಶೇಖರ್ ‘ಇರಲಿ’ ಅಂದರೆ ಮಾತ್ರ ಇಲ್ಲೇ ಉಳಿಯುವುದೆಂದೂ ತಾಯಿಮಗಳ ನಡುವೆ ತೀರ್ಮಾನವಾಯಿತು.

ಚಂದ್ರಶೇಖರ್ ಕೊಟ್ಟ ಮೊದಲ ಸ್ವತಂತ್ರ ಕೆಲಸ ಕುಪ್ಪಗಡ್ಡೆಗೆ ಹೋಗುವ ದಾರಿಯ ಒಂದು ಪುಟ್ಟ ಹಳ್ಳಿಯದು. ಅಲ್ಲಿ ಮೇಲೊಂದು ದೊಡ್ಡ ಕೆರೆ, ಮುಕ್ಕಾಲು ಕಿಲೋಮೀಟರ್ ಆಚೆ ಕುರಿಗಳು ನೀರು ಕುಡಿಯುವ ಸಣ್ಣ ಕಟ್ಟೆ. ಮಳೆಗಾಲ ಮುಗಿದ ಎರಡೇ ತಿಂಗಳಿಗೆ ಕಟ್ಟೆ ಬತ್ತುತ್ತಿತ್ತು. ದೊಡ್ಡ ಕೆರೆ ತುಂಬಿ ಕೋಡಿ ಬಿದ್ದಾಗ ಹರಿದು ಹೋಗುವ ನೀರನ್ನು ಕಾಲುವೆ ತೋಡಿ ಕಟ್ಟೆಗೆ ತಿರುಗಿಸಬಹುದೇ ಎಂಬುದು ಹಳ್ಳಿಯವರ ಪ್ರಶ್ನೆ. ಕೋಡಿ ಕಟ್ಟೆಗಿಂತ ಎತ್ತರದಲ್ಲಿದ್ದರೆ ನೀರು ತಾನಾಗಿ ಬರುತ್ತದೆ, ತಗ್ಗಿನಲ್ಲಿದ್ದರೆ ಇಲ್ಲ. ಸೌಂದರ್ಯ ಲೆವೆಲ್ ಹಿಡಿದು ಅದನ್ನು ಹೇಳಬೇಕು.

ಲೆವೆಲ್ ಯಂತ್ರವೆಂದರೆ ಅವಳಿಗೆ ಪ್ರಾಣ. ಮುಕ್ಕಾಲಿಯ ಮೇಲಿನ ಆ ದುರ್ಬೀನಿಗೆ ಕಣ್ಣಿಟ್ಟರೆ ತಾನು ಎಲ್ಲವನ್ನೂ ನೋಡಬಹುದು, ತನ್ನನ್ನು ಯಾರೂ ಮಾತಾಡಿಸುವುದಿಲ್ಲ. ಹಳೆಯ ಯಂತ್ರವಾದ್ದರಿಂದ ಅದರೊಳಗೆ ಲೋಕ ತಲೆಕೆಳಗಾಗಿ ಕಾಣುತ್ತಿತ್ತು. ಚಂದ್ರಶೇಖರ್ ಜೊತೆಗೆ ಕಳಿಸಿದ್ದ ಆಳು ತಿಪ್ಪೇಶ, ಉದ್ದನೆಯ ಅಳತೆಪಟ್ಟಿ ನಿಲ್ಲಿಸಿ ಹಿಡಿದು, ಆಕಾಶಕ್ಕೆ ಕಾಲೂರಿ, ಭತ್ತದ ಪೈರಿನ ಕೆಳಗೆ ತಲೆ ಜೋತುಹಾಕಿ ಬೀಡಿ ಸೇದುತ್ತಿದ್ದ. ಹೊಗೆ ಕೆಳಕ್ಕೆ ಹೋಗುತ್ತಿತ್ತು. ಅವಳು ಒಬ್ಬಳೇ ನಗುತ್ತಿದ್ದಳು.

ಅಳತೆ ಶುರು ಮಾಡಲು ಅಲುಗಾಡದ ಒಂದು ಗುರುತು ಬೇಕು. ಅದನ್ನು ‘ನೂರು’ ಎಂದಿಟ್ಟುಕೊಂಡು, ಉಳಿದದ್ದೆಲ್ಲ ಅದಕ್ಕಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ಲೆಕ್ಕ ಹಾಕುವುದು. ಶಾಲೆಯ ಹೊಸ್ತಿಲು ಗಟ್ಟಿಯಾಗಿತ್ತು, ಆದರೆ ಹೆಡ್‌ಮಾಸ್ತರನ್ನು ಕೇಳಬೇಕು. ಮನೆಯ ಮೆಟ್ಟಿಲಾದರೆ ಮನೆಯವರನ್ನು ಕೇಳಬೇಕು, ಅವರು ಕೂತ್ಕೊಳ್ಳಿ ಎನ್ನುತ್ತಾರೆ, ಯಾರ ಪೈಕಿ ಎನ್ನುತ್ತಾರೆ. ಕೆರೆಗೂ ಕಟ್ಟೆಗೂ ನಡುವೆ ಗದ್ದೆಯ ಬದುವಿನಲ್ಲಿ ಮುಕ್ಕಾಲು ಹುದುಗಿದ್ದ ಒಂದು ಕರಿಕಲ್ಲು ಕಂಡಿತು. ನೆತ್ತಿಯಲ್ಲಿ ಮಾಸಿದ ಕುಂಕುಮದಂಥದ್ದು ಇತ್ತು. ಅದನ್ನು ಬಳಸಲು ಯಾರನ್ನೂ ಕೇಳಬೇಕಾಗಿರಲಿಲ್ಲ. ಅವಳೇ ಕುಕ್ಕರುಗಾಲಲ್ಲಿ ಕೂತು ಮಣ್ಣು ಸವರಿ, ಇಲ್ಲಿ ಇಡಿ ಎಂದು ಸನ್ನೆ ಮಾಡಿದಳು.

ತಿಪ್ಪೇಶನಿಗೋ ಗಂಟಲು ದೊಡ್ಡದು. “ಇದು ಎಷ್ಟು ಅಂತ ಬರ್ಕೊಳ್ಳೋದು ಮೇಡಮ್ಮೋರೆ?”

“ನೂರು.”

“ಏನು?”

“ನೂರು!”

ಬದುವಿನ ಮೇಲೆ ಕುರಿ ಬಿಟ್ಟುಕೊಂಡು ನಿಂತಿದ್ದ ಗುಡ್ಡಮ್ಮ ಎಂಬ ಮುದುಕಿ ಅದನ್ನು ಕೇಳಿಸಿಕೊಂಡಳು.

ಅಂದು ಕಲ್ಲಿನಿಂದ ಹೊರಟು ಸಣ್ಣ ಕಟ್ಟೆಯ ತನಕ ಅಳತೆ ಮುಗಿಯಿತು. ಮಾರನೆಯ ದಿನದಿಂದ ಭೂಮಿ ಹುಣ್ಣಿಮೆಯ ಗದ್ದಲ. ಹೊಡೆ ತುಂಬಿದ ಭತ್ತಕ್ಕೆ ಪೂಜೆ, ಗದ್ದೆಗೆ ಎಡೆ. ತಿಪ್ಪೇಶ ಹಬ್ಬಕ್ಕೆಂದು ಊರಿಗೆ ಹೋದವನು ಹೊಟ್ಟೆ ಕೆಡಿಸಿಕೊಂಡು ಅಲ್ಲೇ ಉಳಿದ. ನಾಲ್ಕು ದಿನ ಬಿಟ್ಟು ಸೌಂದರ್ಯ ಬಂದಾಗ ಅದೇ ಹಳ್ಳಿಯ ಮಾಸ್ತಪ್ಪ ತಾನೇ ಮುಂದೆ ಬಂದು ಅಳತೆಪಟ್ಟಿ ಹಿಡಿದ. ಕಲ್ಲಿನ ಸುತ್ತ ಚೆಂಡುಹೂವು, ಮಾವಿನ ಸೊಪ್ಪು, ಬಾಳೆಲೆ. ನಾಲ್ಕಾರು ಹೆಂಗಸರು ಕೂತು ಹರಟುತ್ತಿದ್ದರು. ಅವರ ನಡುವೆ ಹೋಗಲು ಸಂಕೋಚವಾಗಿ ಅವಳು ದೂರದಲ್ಲೇ ಮುಕ್ಕಾಲಿ ಊರಿದಳು. ಮಾಸ್ತಪ್ಪ ಹೆಂಗಸರನ್ನು ಸರಿಸಿ, ಕಲ್ಲಿಗೆ ಕೈಮುಗಿದು, ಪಟ್ಟಿ ಇಟ್ಟ. ಅಲ್ಲಿಂದ ಕೋಡಿಯ ತನಕ ಅಳತೆ ಸಾಗಿತು.

ಲೆಕ್ಕ ಹಾಕಿದಳು, ಮತ್ತೊಮ್ಮೆ ಹಾಕಿದಳು. ಕೋಡಿ ಕಟ್ಟೆಗಿಂತ ಹದಿನೈದು ಸೆಂಟಿಮೀಟರ್ ತಗ್ಗಿನಲ್ಲಿತ್ತು. ನೀರು ಅರ್ಧ ಅಡಿ ಏರು ಹತ್ತಬೇಕು.

ಹಳ್ಳಿಯ ಹಿರಿಯ ಸಣ್ಣಬೀರಪ್ಪ ಅದನ್ನು ಕೇಳಿ ಬೇಸರ ಮಾಡಿಕೊಳ್ಳಲಿಲ್ಲ, ಆಶ್ಚರ್ಯಪಟ್ಟ. “ಅಲ್ಲ ಕಣವ್ವ, ಮಳೆ ಕಚ್ಚಿ ಹೊಡೆದಾಗ ಗದ್ದೆ ಮೇಲೆ ನೀರು ಈ ಕಡೆಗೇ ಬರ್ತದೆ. ನಾನು ಕಂಡೀನಿ. ನೀರಿಗೆ ಲೆಕ್ಕ ಬರಲ್ವೇನೋ.”

ಅವನ ಮಾತು ಅವಳ ತಲೆಯಲ್ಲೇ ಕೂತುಬಿಟ್ಟಿತು. ಶುಕ್ರವಾರ ಮತ್ತೆ ಬಂದು, ಕಲ್ಲಿನಿಂದ ಕೋಡಿಯವರೆಗೆ ಎರಡನೇ ಸಲ ಅಳೆದಳು. ಮಿಲಿಮೀಟರ್ ಹೆಚ್ಚುಕಮ್ಮಿ ಇಲ್ಲದೆ ಅದೇ ಅಂಕಿ ಬಂತು. ಕೂಡುವುದರಲ್ಲಿ ಕಳೆಯುವುದರಲ್ಲಿ ತಪ್ಪಿಲ್ಲ. ತಪ್ಪು ಸಿಕ್ಕಿದ್ದರೆ ಎಷ್ಟೋ ವಾಸಿಯಿತ್ತು. ಚಂದ್ರಶೇಖರ್ ಕೂಡ ಕಾಗದ ನೋಡಿ ಹುಬ್ಬು ಗಂಟಿಕ್ಕಿದರು. “ನೆಲ ನೋಡಿದ್ರೆ ಹಂಗನ್ಸಲ್ಲ. ನಾಳೆ ನಾನೇ ಬರ್ತೀನಿ. ಊರೋರ ಮುಂದೆ ನೀವೇ ವಿವರ ಹೇಳ್ಬೇಕು. ಹೇಳಾಕ್ ಬರ್ಲಿಲ್ಲ ಅಂದ್ರೆ, ಮೇಡಂ, ಈ ಕೆಲ್ಸ ನಿಮಗಲ್ಲ. ನೇರವಾಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡ್ರಿ.”

ನಾಳೆ ಶನಿವಾರ. ಭಾನುವಾರ ಮಾವ ಬರುವ ದಿನ.

ಬೆಳಿಗ್ಗೆ ಹತ್ತಕ್ಕೆಲ್ಲ ಕಲ್ಲಿನ ಹತ್ತಿರ ಜನ ಸೇರಿದ್ದರು. ಚಂದ್ರಶೇಖರ್ ಮೋಟಾರ್‌ಸೈಕಲ್ ನಿಲ್ಲಿಸಿ, ಒಂದು ಬದುವಿನ ಮೇಲೆ ಕೂತು, “ಹ್ಞೂಂ, ಹೇಳ್ರಿ,” ಎಂದರು. ಇಪ್ಪತ್ತು ಜೊತೆ ಕಣ್ಣು ಅವಳ ಕಡೆ ತಿರುಗಿದವು. ಅವಳು ಲೆವೆಲ್ ಬುಕ್ ತೆರೆದಳು. “ನೀರು…” ಎಂದಳು. ಮತ್ತೊಮ್ಮೆ “ನೀರು…” ಎಂದಳು.

“ನೀರು ಬೇಕಂತೆ, ತರ್ರೋ ಒಂದು ಚೊಂಬು,” ಎಂದ ಯಾರೋ. ಜನ ನಕ್ಕರು. ಮಾಸ್ತಪ್ಪ ನಿಜವಾಗಿಯೂ ಚೊಂಬು ತರಲು ಓಡಿದ.

ನಾಚಿಕೆಯಿಂದ ಮುಖ ತಗ್ಗಿಸಿದವಳ ಕಣ್ಣು ಕಲ್ಲಿನ ಕಡೆ ಹೋಯಿತು. ಗುಡ್ಡಮ್ಮ ಹಬ್ಬದ ಒಣ ಹೂವು, ಬಾಡಿದ ಸೊಪ್ಪು ತೆಗೆದು ಬುಟ್ಟಿಗೆ ಹಾಕುತ್ತಿದ್ದಳು. ನಿಂತೇ ತೆಗೆಯುತ್ತಿದ್ದಳು, ಸ್ವಲ್ಪ ಬಾಗಿದರೆ ಸಾಕಾಗುತ್ತಿತ್ತು. ತಾನಂದು ಕುಕ್ಕರುಗಾಲಲ್ಲಿ ಕೂತಿದ್ದೆನಲ್ಲ? ಸೊಪ್ಪು ಸರಿದ ಕಡೆ ಕೆಳಗೆ ಜೋಡಿಸಿದ ಹೊಸ ಜಂಬಿಟ್ಟಿಗೆ ಕಲ್ಲುಗಳ ಕೆಂಪು ಕಾಣಿಸಿತು.

ಸೌಂದರ್ಯ ಪುಸ್ತಕ ಮುಚ್ಚಿದಳು. ಯಾರೂ ಕೇಳದೆ, ತಾನಾಗಿ, ಆ ಊರಿನಲ್ಲಿ ಅವಳು ಆಡಿದ ಮೊದಲ ಮಾತು ಅದು.

“ಅಜ್ಜಿ, ಈ ಕಲ್ಲು ಮೊದ್ಲಿಂದ ಇಷ್ಟು ಎತ್ತರ ಇತ್ತಾ?”

ಗುಡ್ಡಮ್ಮ ಸೊಂಟದ ಮೇಲೆ ಕೈಯಿಟ್ಟಳು. “ಎಲ್ಲಿಂದ ಬಂತು? ಮಣ್ಣಾಗೆ ಮುಳುಗಿ ಕೂತಿದ್ದ ನಮ್ಮ ಭೂತಪ್ಪ. ಹಬ್ಬದ ದಿನ ಎತ್ತಿ, ಕೆಳಗೆ ಜಗಲಿ ಕಟ್ಟಿ ಕೂರ್ಸಿದ್ವಿ. ಅದಕ್ಕೆಲ್ಲ ನೀನೇ ಕಾರಣ ಅಲ್ವೇನವ್ವ?”

“ನಾನಾ?”

“ಮತ್ತಿನ್ಯಾರು? ಇಷ್ಟು ವರ್ಷ ಅವನ ಕಡೆ ಯಾರೂ ತಿರುಗಿ ನೋಡಿರ್ಲಿಲ್ಲ, ಎಮ್ಮೆ ಮೈ ತಿಕ್ಕತಿದ್ವು. ನೀನು ಬಂದು ಊರಾಗಿನ ಕಲ್ಲೆಲ್ಲ ಬಿಟ್ಟು, ಅವನ ನೆತ್ತಿ ಮೇಲೆ ಕೋಲು ಇಟ್ಟು ‘ನೂರು’ ಅಂದೆ. ನಾನೇ ಕೇಳಿದೆ. ಓದಿದ ಹುಡುಗಿ ನೂರಕ್ಕೆ ನೂರು ಕೊಟ್ಟು ಹೋದ್ಲು, ನಾವು ಅವನ್ನ ಕೆಸರಾಗೆ ಕೂರ್ಸೀವಿ ಅಂತ ಊರೋರಿಗೆಲ್ಲ ಉಗಿದೆ.”

ಅಷ್ಟರಲ್ಲಿ ಮಾಸ್ತಪ್ಪ ಚೊಂಬು ಹಿಡಿದು ಬಂದ. ಚಂದ್ರಶೇಖರ್ ಅವನ ಕಡೆ ತಿರುಗಿದರು. “ಲೇ ಮಾಸ್ತಪ್ಪ, ಎರಡು ದಿನ ಪಟ್ಟಿ ಹಿಡಿದೆಯಲ್ಲೋ. ಕಲ್ಲು ಎತ್ತೀವಿ ಅಂತ ಒಂದು ಮಾತು ಹೇಳಾಕ್ ಆಗ್ಲಿಲ್ವಾ?”

“ಎತ್ತೋಕೆ ನಾನೂ ಹೆಗಲು ಕೊಟ್ಟೀನಿ ಸ್ವಾಮಿ. ಆದ್ರೆ ಅಮ್ಮೋರು ಕೇಳ್ಲಿಲ್ವಲ್ಲ. ಅವ್ರು ಯಾರತ್ರಾನೂ ಮಾತೇ ಆಡಲ್ಲ. ಇಂಜಿನೇರು ಅಂದ್ರೆ ಹಂಗೇ ಇರ್ಬೇಕೇನೋ ಅಂತ ಸುಮ್ಕಿದ್ದೆ.”

ಸೌಂದರ್ಯ ಆಗಲೇ ಪಟ್ಟಿ ಎತ್ತಿಕೊಂಡು ಕಲ್ಲಿನ ಪಕ್ಕಕ್ಕೆ ಆನಿಸಿದ್ದಳು. ಅಂದು ನೆಲದ ಮೇಲೆ ಕಂಡಿದ್ದಷ್ಟನ್ನು ಕಳೆದರೆ ಕಲ್ಲಿನ ನೆತ್ತಿ ಏರಿದ್ದು ನಲವತ್ತೈದು ಸೆಂಟಿಮೀಟರ್. ಊರಿನ ಲೆಕ್ಕದಲ್ಲಿ ಸರಿಯಾಗಿ ಒಂದು ಮೊಳ. ಸಣ್ಣ ಕಟ್ಟೆಯ ಕಡೆ ಅಳೆದಾಗ ಭೂತಪ್ಪ ನೆಲದಲ್ಲಿದ್ದ, ಕೋಡಿಯ ಕಡೆ ಅಳೆದಾಗ ಒಂದು ಮೊಳ ಮೇಲೆ ಹೋಗಿದ್ದ. ಅವಳು ಎರಡು ಕಡೆಯೂ ಅವನನ್ನು ನೂರೆಂದೇ ಬರೆದುಕೊಂಡಿದ್ದಳು. ಹಾಗಾಗಿ ಕೋಡಿ ಇರುವುದಕ್ಕಿಂತ ಒಂದು ಮೊಳ ಕೆಳಗೆ ಬಿದ್ದಿತ್ತು, ಕಾಗದದ ಮೇಲೆ. ನಲವತ್ತೈದರಲ್ಲಿ ಹದಿನೈದು ಹೋದರೆ ಮೂವತ್ತು.

“ಸರ್,” ಎಂದಳು. ಧ್ವನಿ ತನ್ನದೇ ಎಂದು ನಂಬಲು ಆಗಲಿಲ್ಲ. “ಸರ್, ಬರುತ್ತೆ. ಒಂದಡಿ ಇಳಿಜಾರು ಇದೆ. ನೀರು ಬರುತ್ತೆ!”

“ಬಾಯಿಲೆಕ್ಕ ಬ್ಯಾಡ. ಅಳೆದು ತೋರ್ಸ್ರಿ.”

ತೋರಿಸಿದಳು. ಕೋಡಿಯಿಂದ ಕಟ್ಟೆಯವರೆಗೆ ಒಂದೇ ಉಸಿರಿನಲ್ಲಿ, ಕಲ್ಲಿನ ಸಹವಾಸಕ್ಕೆ ಹೋಗದೆ. ಮುಕ್ಕಾಲಿ ಎತ್ತಿಟ್ಟಲ್ಲೆಲ್ಲ ಇಪ್ಪತ್ತು ಜನ ಹಿಂದೆ ಬಂದರು, ಕುರಿಗಳೂ ಬಂದವು. ಸಣ್ಣಬೀರಪ್ಪ ದುರ್ಬೀನಿಗೆ ಕಣ್ಣಿಟ್ಟು, “ಅಯ್ಯಯ್ಯೋ, ಮಾಸ್ತಪ್ಪ ತಲೆಕೆಳಗಾಗವ್ನೆ!” ಎಂದು ಕೂಗಿ, ಎಲ್ಲರೂ ಸರದಿಯಲ್ಲಿ ನೋಡಿ, ಅರ್ಧ ಗಂಟೆ ಅದಕ್ಕೇ ಹೋಯಿತು. ಕೊನೆಯ ಅಂಕಿ ಬರೆದು ಕೂಡಿ ಕಳೆದಾಗ ಇಳಿಜಾರು ಮೂವತ್ತು ಸೆಂಟಿಮೀಟರ್ ಮತ್ತು ಎರಡು ಮಿಲಿಮೀಟರ್. ಅವಳು ಬದುವಿನ ಮೇಲೆ ಕೂತುಬಿಟ್ಟಳು. ಮಾಸ್ತಪ್ಪನ ಚೊಂಬಿನ ನೀರನ್ನು ಒಂದು ಹನಿ ಬಿಡದೆ ಕುಡಿದಳು.

ಒಬ್ಬ ಕೇಳಿದ: “ಹಂಗಾದ್ರೆ ಭೂತಪ್ಪನ್ನ ಮತ್ತೆ ಕೆಳಗಿಳಿಸ್ಬೇಕಾ?”

ಗುಡ್ಡಮ್ಮ ಕೈಯಲ್ಲಿದ್ದ ಬುಟ್ಟಿ ಎತ್ತಿ ಹಿಡಿದಳು. “ಇಳಿಸಿ ನೋಡು!”

“ಬೇಡ ಅಜ್ಜಿ, ಅಲ್ಲೇ ಇರ್ಲಿ,” ಎಂದಳು ಸೌಂದರ್ಯ. “ನಾನು ಹೆಡ್‌ಮಾಸ್ತರನ್ನ ಕೇಳಿ ಶಾಲೆ ಹೊಸ್ತಿಲಿನ ಮೇಲೆ ಗುರುತು ಹಾಕ್ಕೊಳ್ತೀನಿ.”

ಚಂದ್ರಶೇಖರ್ ಅಲ್ಲಿಯತನಕ ತಡೆದುಕೊಂಡಿದ್ದ ನಗುವನ್ನು ಈಗ ಬಿಟ್ಟರು. ಬದುವಿನ ಮೇಲೆ ಕುಸಿದು ಕೂತು ಪಕ್ಕೆ ಹಿಡಿದುಕೊಂಡರು. “ಇಪ್ಪತ್ತು ವರ್ಷದಾಗೆ ಗುರುತಿನ ಕಲ್ಲು ಕಿತ್ತೋರನ್ನ ನೋಡೀನಿ, ಮನೆಗೆ ಒಯ್ದು ಬಟ್ಟೆ ಒಗೆಯೋರನ್ನ ನೋಡೀನಿ. ಪೂಜೆ ಮಾಡಿ ಮೇಲೆ ಕೂರ್ಸಿದೋರನ್ನ ಇವತ್ತೇ ನೋಡಿದ್ದು.” ಆಮೇಲೆ ಕಣ್ಣೊರೆಸಿಕೊಂಡು ಸ್ವಲ್ಪ ಗಂಭೀರವಾದರು. “ತಪ್ಪು ಮಾತ್ರ ನಿಮ್ದೇ, ಮೇಡಂ. ಮೊದಲ್ನೇ ದಿನಾನೇ ಯಾರನ್ನಾದ್ರೂ ಕೇಳ್ಬೇಕಿತ್ತು.”

“ಹೌದು ಸರ್.”

“ಆದ್ರೆ ನಾನೂ ಬಂದು ಆ ಕಲ್ಲಿನ ಪಕ್ಕದಾಗೇ ಕೂತಿದ್ದೆ, ನಂಗೆ ಕಾಣ್ಲಿಲ್ಲ. ನಿಮಗೆ ಕಾಣ್ತು.” ಎದ್ದು ಪ್ಯಾಂಟಿನ ಮಣ್ಣು ಕೊಡವಿದರು. “ಸೋಮವಾರ ತೊಗರ್ಸಿ ಕಡೆ ಹೋಗ್ಬೇಕು. ಅಲ್ಲೂ ಒಂದು ಕಾಲುವೆ ಐತಿ. ಏಳು ಗಂಟೆ ಬಸ್ಸಿಗೆ ಬಂದ್ಬಿಡ್ರಿ.”

“ಸರ್, ಅಂದ್ರೆ… ತಿಂಗಳು ಮುಗಿದ ಮೇಲೂ…?”

“ಅಲ್ರೀ, ತೊಗರ್ಸಿದೇ ಎರಡು ತಿಂಗ್ಳ ಕೆಲ್ಸ. ಅರ್ಧಕ್ಕೆ ಬಿಟ್ಟು ಹೋಗ್ತೀರೇನು?”

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಗಾಳಿಗೆ ಕಣ್ಣು ಮುಚ್ಚಿಕೊಂಡವಳಿಗೆ ಸೊರಬ ಬಂದದ್ದೇ ತಿಳಿಯಲಿಲ್ಲ. ಕಂಡಕ್ಟರ್ ಬಂದು, “ನರ್ಸಮ್ಮನ ಮಗಳೇ, ಇಳೀರಿ,” ಎಂದು ಎಬ್ಬಿಸಿದ.

ಲೋಕಮ್ಮ ಬಾಗಿಲಲ್ಲೇ ನಿಂತಿದ್ದಳು. ಒಳಗೆ ಮಂಚದ ಮೇಲೆ ಖಾಲಿ ಟ್ರಂಕು ಬಾಯಿ ತೆರೆದುಕೊಂಡಿತ್ತು, ಪಕ್ಕದಲ್ಲಿ ಮಡಿಸಿದ ಬಟ್ಟೆಯ ರಾಶಿ. ತಾಯಿ ಮಗಳ ಮುಖ ನೋಡಿದಳು. ನೋಡಿ, ಬಟ್ಟೆಗಳನ್ನು ಒಂದೊಂದಾಗಿ ಗೂಟಕ್ಕೆ ಹಾಕತೊಡಗಿದಳು.

“ನಾಳೆ ನಿಮ್ಮ ಮಾವ ಬಸ್ ಹತ್ತಿ ಬರ್ತಾನಲ್ಲೇ, ಅವನಿಗೆ ಏನ್ ಹೇಳೋದು?”

“ಬರ್ಲಿ ಅಮ್ಮ. ಹೋಳಿಗೆ ಮಾಡು. ಉಂಡು, ಸ್ವಲ್ಪ ಮಲಗಿ, ಸಂಜೆ ಬಸ್ಸಿಗೆ ಹೋಗ್ಲಿ,” ಎಂದಳು ಸೌಂದರ್ಯ. “ಹೇಳೋದನ್ನ ನಾನೇ ಹೇಳ್ತೀನಿ.”